ಹಳ್ಳದ ಈಚೆ ಒಂದು ಹೈಸ್ಕೂಲು

ಪ್ರೀತಿಯ ಗೆಳೆಯಾ,

ಅಂತೂ ನಮ್ಮೂರಿಗೆ ಸರ್ಕಾರಿ ಹೈಸ್ಕೂಲು ಬರುವ ಲಕ್ಷಣ ಕಾಣುತ್ತಿದೆ. ಜಾಗ ತೋರಿಸಿ ಅಂದಿದ್ದಾರೆ. ಮೊನ್ನೆ ಶಾಲೆ ಜಗುಲಿಯಲ್ಲಿ ಪಾಲಕರೆಲ್ಲ ಸೇರಿದ್ದೆವು. ಅರ್ಧ ಹೊತ್ತು ಇಂಗ್ಲಿಷ್ ಮೀಡಿಯಂ ಬೇಕೋ ಬೇಡವೋ ಎಂಬುದರಲ್ಲೇ ಹೋಯಿತು. ಬೇಕು ಅನ್ನುವವರ ಆಸೆ ನನಗೂ ತಿಳಿಯುತ್ತದೆ. ಶಿರಸಿ ಪೇಟೆಯ ಶಾಲೆಗಳ ಹಳದಿ ವ್ಯಾನು ದಿನಾ ಕಣ್ಣೆದುರಿಗೇ ಹೋಗುತ್ತದಲ್ಲ.

ಹೆಂಗಸರು ಮಾತು ಶುರುಮಾಡಿದ ಮೇಲೆ ಸಭೆಯ ದಿಕ್ಕೇ ಬದಲಾಯಿತು. "ಮಳೆಗಾಲದಲ್ಲಿ ಮಗಳು ಎಷ್ಟೊತ್ತಿಗೆ ಮನೆ ಸೇರ್ತಾಳೆ, ಮೊದಲು ಅದನ್ನ ಹೇಳಿ" ಅಂದರು ಒಬ್ಬರು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಯಾಕೆಂದರೆ ಈಗ ತೋರಿಸಿರುವ ಸರ್ಕಾರಿ ಜಾಗ ಹಳ್ಳದ ಆಚೆ ಇದೆ. ಐದು ಕಿಲೋಮೀಟರಿನೊಳಗೆ ಹೈಸ್ಕೂಲು ಸಿಗಬೇಕು ಎಂಬುದು 2009ರ ಮಾಧ್ಯಮಿಕ ಶಿಕ್ಷಣ ಅಭಿಯಾನದ ಗುರಿ; ನಕ್ಷೆಯಲ್ಲಿ ನೋಡಿದರೆ ಆ ಲೆಕ್ಕ ಸರಿಯಾಗಿಯೇ ಇದೆ. ಆದರೆ ನಕ್ಷೆಯಲ್ಲಿ ಹಳ್ಳ ದಾಟುವ ಕಾಲುಸಂಕ ಕಾಣುವುದಿಲ್ಲ. ನಿನಗೆ ನೆನಪಿದೆಯಲ್ಲ, ಅಡಿಕೆ ಮರ ಜೋಡಿಸಿ ಬಿಗಿದದ್ದು, ಹಿಡಿದುಕೊಳ್ಳಲು ಒಂದೇ ಬದಿಗೆ ಬಿದಿರ ಗಳ. ಆಷಾಢ ಬಂತೆಂದರೆ ಪಾಚಿ ಕಟ್ಟುತ್ತದೆ. ಆಚೆ ಕೇರಿಯ ಮಕ್ಕಳು ಈಗಲೂ ಚಪ್ಪಲಿ ಕೈಯಲ್ಲಿ ಹಿಡಿದು, ಕೊಡೆ ಮಡಚಿ ನೆನೆಯುತ್ತಲೇ ದಾಟುತ್ತಾರೆ, ತಾಯಂದಿರು ದಡದಲ್ಲಿ ನಿಂತು ನೋಡುತ್ತಿರುತ್ತಾರೆ. ಅವರಿಗೊಂದು ಸಿಮೆಂಟಿನ ಕಿರುಸೇತುವೆ ಆಗಲೇಬೇಕು, ಅದಕ್ಕೆ ಬೇರೆಯೇ ಅರ್ಜಿ ಬರೆದಿದ್ದೇವೆ. ಹಾಗಂತ ಊರಿನ ಮಕ್ಕಳನ್ನೆಲ್ಲ ಆ ಸಂಕದ ಮೇಲೆ ನಡೆಸುವುದೇ?

ಶಿಕ್ಷಣ ಹಕ್ಕು ಕಾಯ್ದೆ ಕೈ ಹಿಡಿಯುವುದು 14 ವರ್ಷದವರೆಗೆ, ಎಂಟನೇ ಕ್ಲಾಸಿನ ತನಕ ಮಾತ್ರ. ಒಂಬತ್ತು, ಹತ್ತನೇ ಕ್ಲಾಸಿನಲ್ಲೇ ಹೆಣ್ಣುಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳುವ ಮಾತು ಬರುವುದು. 2023ರ ಜೂನ್‌ನಿಂದ ಅವರು ಸರ್ಕಾರಿ ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಅದು ದೊಡ್ಡ ಉಪಕಾರವೇ. ಆದರೆ ರಸ್ತೆಗೆ ಮರ ಬಿದ್ದ ದಿನ ಬಸ್ಸೇ ಇಲ್ಲ.

ಉಳಿದಂತೆ ಎಲ್ಲರೂ ಕೇಳಿದ್ದು ಶೌಚಾಲಯಕ್ಕೆ ನೀರು, ಮತ್ತೆ ಗಣಿತ–ವಿಜ್ಞಾನಕ್ಕೆ ಕಾಯಂ ಮೇಷ್ಟ್ರು. ಶಾಲೆ ಶುರುವಾಗಿ ಎಷ್ಟೋ ದಿನದ ಮೇಲೆ ಅತಿಥಿ ಶಿಕ್ಷಕರು ಬಂದರೆ ಎಸ್ಸೆಸ್ಸೆಲ್ಸಿ ಮಕ್ಕಳ ಗತಿಯೇನು? ಮೇಷ್ಟ್ರು ಉಳಿಯಬೇಕಾದರೂ ಶಾಲೆ ಬಸ್ಸಿನ ರಸ್ತೆಗೆ ಹತ್ತಿರ ಇರಬೇಕು. ಶಿರಸಿಯಿಂದ ಬಂದುಹೋಗುವವರು ಹಳ್ಳ ದಾಟಿ ಎಷ್ಟು ವರ್ಷ ಬಂದಾರು?

ಈಚೆ ಬದಿಗೆ ಜಾಗ ಎಲ್ಲಿದೆ ಹೇಳು. ಜಿಲ್ಲೆಯ ಬಹುಪಾಲು ಅರಣ್ಯ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ನಮ್ಮ ಬಳಕೆಗಿದ್ದರೂ ಅಲ್ಲಿ ಗೋಡೆ ಎಬ್ಬಿಸುವ ಹಾಗಿಲ್ಲ. ಇರುವುದೊಂದೇ, ಬಸ್ಸು ತಿರುಗಿಸುವಲ್ಲಿ ನಿಮ್ಮ ಮನೆಯ ಮಾಲ್ಕಿ ಜಮೀನು. ಎಲ್ಲರ ಕಣ್ಣೂ ಅದರ ಮೇಲಿದೆ. ಆದರೆ ನಿನ್ನ ಅಪ್ಪಯ್ಯನ ಎದುರು ಬಾಯಿಬಿಡಲು ಯಾರಿಗೂ ಧೈರ್ಯವಿಲ್ಲ. ಪೂರ್ತಿ ಬೇಡ, ಕಟ್ಟಡಕ್ಕೂ ಮಕ್ಕಳು ಆಡಲಿಕ್ಕೂ ಆಗುವಷ್ಟು ಸಾಕು. ಕ್ರಯಕ್ಕಾದರೆ ಊರವರು ವಂತಿಗೆ ಎತ್ತುತ್ತೇವೆ, ದಾನಪತ್ರವಾದರೆ ಅಜ್ಜಯ್ಯನ ಹೆಸರನ್ನೇ ಶಾಲೆಗೆ ಇಡುವಂತೆ ಕೇಳಿಕೊಳ್ಳುತ್ತೇವೆ.

ನೀನೇ ಫೋನು ಮಾಡಿ ಮಾತಾಡು ಮಾರಾಯ. ಬಿಇಓ ಕಚೇರಿಗೆ ಜಾಗದ ಪತ್ರ ಹೋಗುವುದರೊಳಗೆ ತಿಳಿಸಿದರೆ ಆಯ್ತು.

ನಿನ್ನ ಗೆಳೆಯ