ನಾರ್ವೆ ಪ್ರವಾಸ: ಟಿಕೆಟ್ ತೆಗೆಯುವ ಮೊದಲು ಓದಿ

ಎಲ್ಲರ ಗಮನಕ್ಕೆ. ಮಧ್ಯರಾತ್ರಿಯ ಸೂರ್ಯ, ಧ್ರುವಪ್ರಭೆ (ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು) ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡುವ ಆಸೆ ಬಿಟ್ಟುಬಿಡಿ. ಉತ್ತರ ನಾರ್ವೆಯ ಟ್ರೊಮ್ಸೊ ನಗರದಲ್ಲಿ ಸುಮಾರು ಮೇ 20ರಿಂದ ಜುಲೈ 22ರವರೆಗೆ ಸೂರ್ಯ ಮುಳುಗುವುದೇ ಇಲ್ಲ. ಕತ್ತಲಾಗದ ಆಕಾಶದಲ್ಲಿ ಪ್ರಭೆ ಎಲ್ಲಿಂದ ಕಾಣಬೇಕು? ಅದಕ್ಕೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಹೋಗಬೇಕು. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅಲ್ಲಿ ಸೂರ್ಯೋದಯವೇ ಇಲ್ಲ, ಹಾಗಾಗಿ ಮಾರ್ಚ್ ಉತ್ತಮ: ರಾತ್ರಿ ಕತ್ತಲು, ಹಗಲೂ ಉದ್ದ. ಕರಾವಳಿಯಲ್ಲಿ ಮೋಡ ಹೆಚ್ಚು. ನಾಲ್ಕು ರಾತ್ರಿಯಾದರೂ ಇಟ್ಟುಕೊಳ್ಳಿ.

ಚಳಿಗೆ ಅನಗತ್ಯವಾಗಿ ಹೆದರಬೇಡಿ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದಿಂದಾಗಿ ಟ್ರೊಮ್ಸೊದ ಜನವರಿ ಸರಾಸರಿ ಸೊನ್ನೆಗಿಂತ ಮೂರು-ನಾಲ್ಕು ಡಿಗ್ರಿ ಕೆಳಗಷ್ಟೇ. ಒಳನಾಡಿನ ಕರಾಶೋಕ್ ಬೇರೆಯೇ ಲೋಕ: 1886ರಲ್ಲಿ ಮೈನಸ್ 51.4 ದಾಖಲಾಗಿದೆ. ಕರಾವಳಿಯ ನಿಜವಾದ ಅಪಾಯ ಜಾರುವ ರಸ್ತೆ; ಕರಗಿದ ಹಿಮ ರಾತ್ರಿ ಮತ್ತೆ ಗಾಜಿನಂತೆ ಗಟ್ಟಿಯಾಗುತ್ತದೆ. ಬೂಟಿಗೆ ಸಿಕ್ಕಿಸುವ ಮುಳ್ಳುಪಟ್ಟಿಯನ್ನು ಅಲ್ಲೇ ಕೊಳ್ಳಿ. ಮೈಗೆ ತಾಗುವ ಬಟ್ಟೆ ಉಣ್ಣೆಯದೇ ಇರಲಿ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿದು ನಡುಕ ಹುಟ್ಟಿಸುತ್ತದೆ.

ಫ್ಯೋರ್ಡ್ (ಕಡಿದಾದ ಬೆಟ್ಟಗಳ ನಡುವೆ ಒಳನುಗ್ಗಿದ ಕಿರಿದಾದ ಕಡಲ ತೋಳು) ನೋಡುವವರಿಗೆ ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ. ಹಲವು ಘಟ್ಟದ ರಸ್ತೆಗಳು ಹಿಮದಿಂದ ಮೇ ಕೊನೆಯವರೆಗೂ ಮುಚ್ಚಿರುತ್ತವೆ. ಪಶ್ಚಿಮ ಕರಾವಳಿಯ ಬರ್ಗೆನ್‌ನಲ್ಲಿ ವರ್ಷಕ್ಕೆ 2,000 ಮಿಲಿಮೀಟರ್‌ಗೂ ಹೆಚ್ಚು ಮಳೆ (ಮಲೆನಾಡಿನವರಿಗೆ ಹೇಳಬೇಕಾಗಿಲ್ಲ!), ಗಾಳಿಗೆ ಕೊಡೆ ನಿಲ್ಲದು, ರೇನ್‌ಕೋಟ್ ಒಯ್ಯಿರಿ. ಮೇ 17 ರಾಷ್ಟ್ರೀಯ ದಿನ, ಅಂಗಡಿಗಳು ಬಂದ್.

ನಾರ್ವೆಗೆ ಬೇಕಾದ ಷೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಬೇಸಿಗೆಗೆ ಹೊರಡುವವರು ಫೆಬ್ರುವರಿಯಲ್ಲೇ ಶುರುಮಾಡಿ.