ಆ ರಾತ್ರಿ ಕೂತವಳಿಗೆ, ಮತ್ತೆ ಉಳಿದ ಎಲ್ಲರಿಗೂ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಮತ್ತೆ ಡ್ಯೂಟಿಗೆ ಹೋಗುತ್ತಿದ್ದೇನೆ. ಏನಾಗಿತ್ತು, ಎಲ್ಲಿ ಆಪರೇಷನ್ ಆಯಿತು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಅರ್ಧ ತಾಲ್ಲೂಕೇ ಬಂದು ನೋಡಿಕೊಂಡು ಹೋಗಿದೆ. ಅದನ್ನೇ ಮತ್ತೆ ಬರೆಯುವುದಿಲ್ಲ.

ನನ್ನ ಪರಿಚಯ ಇಲ್ಲದವರಿಗೆ ಎರಡು ಮಾತು. ನಾನು ಪಾವಗಡ ತಾಲ್ಲೂಕಿನವಳು. 2016ರಲ್ಲಿ ಮಹಿಳಾ ಮೀಸಲಾತಿಯಲ್ಲಿ ತಾಲ್ಲೂಕು ಪಂಚಾಯಿತಿಗೆ ಗೆದ್ದೆ, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಸೋಲುವ ಅವಕಾಶವೂ ಸಿಗದೆ ಮಾಜಿ ಆದೆ. ಈಗ ಸೋಲಾರ್ ಪಾರ್ಕಿನ ಒಂದು ಕಂಪನಿಯಲ್ಲಿ ಊರಿಗೂ ಸೈಟ್ ಆಫೀಸಿಗೂ ನಡುವೆ ಓಡಾಡುವ ಕೆಲಸ. ಎರಡೂ ಕಡೆಯಿಂದ ಬೈಸಿಕೊಳ್ಳುವುದೇ ಇದರ ಮುಖ್ಯ ಭಾಗ. ಪಂಚಾಯಿತಿಯಲ್ಲಿ ಅದರ ಅಭ್ಯಾಸ ಚೆನ್ನಾಗಿಯೇ ಆಗಿತ್ತು.

ರಕ್ತ ಕೊಟ್ಟ ಹುಡುಗರಿಗೆ, ಪಕ್ಷ ನೋಡದೆ ಬಂದ ಹಳೆಯ ಸದಸ್ಯರಿಗೆ, ಮನೆಯ ಎಮ್ಮೆ ನೋಡಿಕೊಂಡ ಓರಗಿತ್ತಿಗೆ, ಬೆಸ್ಕಾಂನ ಲೈನ್‌ಮ್ಯಾನ್ ತಮ್ಮನಿಗೆ, ಡಾಕ್ಟರು, ನರ್ಸಮ್ಮಂದಿರಿಗೆ, ನಾಗಲಮಡಿಕೆ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತವರಿಗೆ ಎಲ್ಲರಿಗೂ ಕೈ ಮುಗಿಯುತ್ತೇನೆ. ನಮ್ಮೆಜಮಾನರಿಗೆ ಮನೆಯಲ್ಲೇ ಹೇಳಿದ್ದಾಗಿದೆ.

ಇನ್ನೊಬ್ಬಳಿದ್ದಾಳೆ. ಹೆಸರು ಹಾಕಬೇಡ ಅಂದಿದ್ದಾಳೆ, ಹಾಕುವುದಿಲ್ಲ. ಪಾರ್ಕಿನೊಳಗೆ ಹುಲ್ಲು ಕೀಳುವ ಗುಂಪಿನ ಅಕ್ಕ ಅಂದರೆ ನಮ್ಮೂರವರಿಗೆ ಗೊತ್ತಾಗುತ್ತದೆ.

ಈ ಅಕ್ಕನಿಗೂ ನನಗೂ ಮೊದಲಿಂದ ಸರಿ ಇರಲಿಲ್ಲ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆ ಪಾರ್ಕಿಗೆ ಹೋಯಿತು. ಸರ್ಕಾರ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ, ಪಹಣಿ ರೈತನ ಹೆಸರಲ್ಲೇ. ಮಳೆ ನಂಬಿ ಕಡಲೆಕಾಯಿ ಹಾಕಿ ವರ್ಷವರ್ಷ ಕೈಸುಟ್ಟುಕೊಂಡ ನಮಗೆ ಅದು ದೊಡ್ಡ ಮಾತು. ನಮ್ಮ ಮನೆಯ ಜಮೀನೂ ಅದರಲ್ಲಿದೆ, ಆ ದುಡ್ಡಲ್ಲೇ ಮಗಳು ಓದುತ್ತಿದ್ದಾಳೆ. ಗ್ರಾಮಸಭೆಯಲ್ಲಿ ನಾನು ಇದನ್ನೆಲ್ಲ ಹೇಳುತ್ತಿದ್ದಾಗ ಹಿಂದಿನಿಂದ ಅಕ್ಕ ಎದ್ದು ನಿಂತಳು. "ಜಮೀನಿದ್ದೋರಿಗೆ ಬಾಡಿಗೆ. ಅವರ ಹೊಲದಾಗೆ ಕಳೆ ಕಿತ್ತೋರಿಗೆ ಏನು, ಮೆಂಬರಮ್ಮಾ?" ಕೆಲಸ ಬರುತ್ತದೆ ಅಂದೆ. ಬಂತು ಕೂಡ. ಅದೇ ಹೊಲದಲ್ಲಿ ಪ್ಯಾನಲ್ ಕೆಳಗಿನ ಹುಲ್ಲು ಕೀಳುವ ಕೆಲಸ, ಅದೂ ಕಂಟ್ರಾಕ್ಟರ್ ಕರೆದ ದಿನ ಮಾತ್ರ. ಕುರಿ ಮೇಯಿಸುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಅವಳ ಪ್ರಶ್ನೆಗೆ ನೆಟ್ಟಗಿನ ಉತ್ತರ ಈಗಲೂ ನನ್ನ ಹತ್ತಿರ ಇಲ್ಲ.

ಆಪರೇಷನ್ ಆದ ಮಾರನೇ ದಿನ ಊರವರು ಟೆಂಪೋ ಮಾಡಿಕೊಂಡು ಬಂದಿದ್ದರು, ಅದರಲ್ಲಿ ಅವಳೂ ಇದ್ದಳು. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಬಿಡುವುದಿಲ್ಲ. ಮಗಳಿಗೆ ಪರೀಕ್ಷೆ. ಯಾರು ಉಳಿಯಬೇಕು ಅಂತ ಬಾಗಿಲ ಹತ್ತಿರ ಚರ್ಚೆ ನಡೀತಿದ್ದಾಗ ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು. ಕುರ್ಚಿ ಇತ್ತು. ನೆಲದ ಮೇಲೇ ಕೂತಳು. ಟೆಂಪೋ ಹೋಯಿತು.

ಆ ರಾತ್ರಿ ನಾನು ಸಾಯುತ್ತೇನೆ ಅಂದುಕೊಂಡಿದ್ದೆ. ಮನೆಯವರಿಗೂ ಇದನ್ನು ಹೇಳಿಲ್ಲ, ಇಲ್ಲೇ ಓದಲಿ. ನೋವಿಗಿಂತ ಹೆದರಿಕೆ ಹೆಚ್ಚಿತ್ತು. ವೇದಿಕೆ ಮೇಲೆ ಮೈಕ್ ಹಿಡಿದು ಮಾತಾಡಿದ ಬಾಯಿಂದ "ಅಮ್ಮಾ" ಬಿಟ್ಟು ಬೇರೆ ಏನೂ ಬರಲಿಲ್ಲ. ಅಕ್ಕ "ಪಡುಕೋ ತಲ್ಲೀ, ಪಡುಕೋ" (ತೆಲುಗಲ್ಲಿ, ಮಲಗು ತಾಯಿ, ಮಲಗು) ಅಂತ ಒದ್ದೆ ಬಟ್ಟೆ ತಗೊಂಡು ಮುಖ ಒರೆಸಿದಳು, ಪ್ಯಾನಲ್ ಒರೆಸಿದ ಹಾಗೆ, ಮೇಲಿಂದ ಕೆಳಗೆ, ಒಂದೇ ಸಮನೆ. ಅಂಗೈ ತುಂಬ ಹುಲ್ಲು ಕಿತ್ತ ಗೀರು. ತಾಗಿದರೆ ತರಿತರಿ.

ಸರಿರಾತ್ರಿ ದಾಟಿದ ಮೇಲೆ ತಲೆ ಹತ್ತಿರ ಕೂಗುತ್ತಿದ್ದ ಮಿಷನ್ ನೋಡಿ ಕೇಳಿದಳು: "ನಿಮ್ಮ ಸೋಲಾರು ಈಗ ಮಲಗಿರ್ತದಲ್ಲ, ಇದಕ್ಕೆ ಎಲ್ಲಿಂದ ಬರ್ತದೆ ಕರೆಂಟು?" ರಾಯಚೂರಲ್ಲಿ ಕಲ್ಲಿದ್ದಲು ಸುಡ್ತಾರೆ ಅಂದೆ. "ಆಮೇಲೆ?" ಶರಾವತಿ ನೀರಿಂದ ಬರ್ತದೆ. "ನೀರು ತಿರುಗಿಸೋಕೆ ಯಾರಿದ್ದಾರೆ ಈ ಹೊತ್ತಲ್ಲಿ?" ಒಂದೊಂದೇ ಹೇಳುತ್ತಾ ಹೋದೆ. ಎರಡು ಪದಕ್ಕೊಮ್ಮೆ ಉಸಿರು ಹಿಡಿಯುತ್ತಿತ್ತು, ಅವಳು ಬಿಡಲಿಲ್ಲ. 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪಾರ್ಕ್ ಉದ್ಘಾಟನೆ ಮಾಡಿದಾಗ ನನಗೆ ಎಲ್ಲಿ ಸೀಟು ಕೊಟ್ಟಿದ್ದರು, ಯಾವ ಸೀರೆ ಉಟ್ಟಿದ್ದೆ, ಅದನ್ನೂ ಕೇಳಿದಳು. ಅವಳಿಗೆ ಕರೆಂಟಿನ ಕಥೆ ಬೇಕಿರಲಿಲ್ಲ, ನಾನು ಮಾತಾಡುತ್ತಾ ಇರಬೇಕಿತ್ತು ಅಂತ ಆಮೇಲೆ ಹೊಳೆಯಿತು. ಬೆಳಕು ಹರಿಯುವ ಹೊತ್ತಿಗೆ ನಿದ್ದೆ ಬಂದಿತ್ತು. ಎದ್ದಾಗ ಅವಳು ಕ್ಯಾಂಟೀನಿಂದ ಬಿಸಿನೀರು ತರಲು ಹೋಗಿದ್ದಳು.

ಡಿಸ್ಚಾರ್ಜ್ ಆಗುವ ತನಕ ಅವಳೇ ಇದ್ದಳು. ದುಡ್ಡು ಕೊಡಲು ಹೋದರೆ "ಓಟು ಹಾಕಿದ್ದಕ್ಕೂ ಕೊಡ್ಲಿಲ್ಲ, ಇದಕ್ಕೆ ಯಾಕೆ?" ಅಂತ ನಕ್ಕಳು. ನನಗೆ ಓಟು ಹಾಕಿದ್ದಳು ಅನ್ನೋದು ನನಗೆ ಗೊತ್ತಾಗಿದ್ದೇ ಆಗ.

ನಮ್ಮ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್ ಅಂತ ಹೇಳುವಾಗ ನನಗೆ ಈಗಲೂ ಹೆಮ್ಮೆಯೇ. 2019ರ ಕೊನೆಗೆ ಪಾರ್ಕ್ ಪೂರ್ತಿ ಆದಾಗ ನಮ್ಮ ಬರದ ಸೀಮೆಯನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬಂದರು. ಅದರಲ್ಲಿ ನನ್ನದೂ ಒಂದಿಷ್ಟು ಓಡಾಟ ಇದೆ. ಆ ಹೆಮ್ಮೆಯ ಪಕ್ಕದಲ್ಲೇ ಅವಳ ಪ್ರಶ್ನೆಯೂ ಕೂತಿದೆ, ಏಳಿಸಲು ಆಗುವುದಿಲ್ಲ.

ಕೊನೆಗೆ ಒಂದು ಮಾತು, ಇದು ಸೈಟ್ ಆಫೀಸಿನವರಿಗೆ. ಅಕ್ಕ ನನ್ನ ಜೊತೆ ಇದ್ದ ದಿನಗಳಿಗೆ ಗೈರುಹಾಜರಿ ಹಾಕಿ ಕಂಟ್ರಾಕ್ಟರ್ ಕಡೆಯವರು ಅವಳನ್ನು ಗುಂಪಿನಿಂದ ಕೈಬಿಟ್ಟಿದ್ದಾರೆ. ಬಿಟ್ಟುಹೋದ ಕೂಲಿ ನಾನು ಕೊಡುತ್ತೇನೆ, ಬೇಡ ಅಂದರೂ ಕೊಡುತ್ತೇನೆ. ವಾಪಸ್ ಸೇರಿಸಿಕೊಳ್ಳುವ ಅರ್ಜಿ ನಿಮ್ಮ ಟೇಬಲ್ ಮೇಲಿದೆ. ಸೋಮವಾರ ನಾನು ಬರುವುದರೊಳಗೆ ಸಹಿ ಹಾಕಿಡಿ.