ನಿನ್ನ ಹಾಳೆಗೆ ಸಹಿ ಹಾಕುವ ಮೊದಲು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋ ಭಾನುವಾರ ರಾತ್ರಿ ನೋಡಿದೆ. ಹಾಸ್ಟೆಲ್ ಗೋಡೆಗೆ ಅಂಟಿಸಿದ ಡ್ರಾಯಿಂಗ್ ಶೀಟು. ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ "ದೊಡ್ಡ ಗೇಮ್ ಕಂಪನಿಗಳಿಗೆ ಬಹಿಷ್ಕಾರ". ಅದರ ಕೆಳಗೆ "ಸೋಮಾರಿ ಡೆವಲಪರ್‌ಗಳಿಗೆ ಪಾಠ ಕಲಿಸೋಣ". ಆಮೇಲೆ ಹದಿನಾಲ್ಕು ಸಹಿ. "ಅಮ್ಮಾ, ಹದಿನೈದನೆಯದು ನಿನ್ನದು. ಪ್ರತಿ ವರ್ಷ ಅದೇ ಕಾಲ್ ಆಫ್ ಡ್ಯೂಟಿ, ಅದೇ ಫುಟ್‌ಬಾಲು. ಸಾಕಲ್ವಾ?" ಎಂದು ಬರೆದಿದ್ದೀಯ. ಫೋನಿನಲ್ಲಿ ಹ್ಞೂಂ ಅಂದು ಮುಗಿಸುವ ವಿಷಯ ಇದಲ್ಲ ಅನ್ನಿಸಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನಿನಗೆ ಇದುವರೆಗೆ ಹೇಳದ ಒಂದು ಕಥೆ. ನೀನು ಹುಟ್ಟುವ ಮುಂಚೆ ನಾನು ಕೆಲಸಕ್ಕೆ ಸೇರಿದ ಹೊಸತು. ಬೆಂಗಳೂರಿನಲ್ಲಿ ಗೇಮ್‌ಗಳಿಗೆ ಚಿತ್ರ ಮಾಡಿಕೊಡುವ ಈ ಕಸುಬು ಆಗಲೇ ಬೇರು ಬಿಟ್ಟಿತ್ತು. ಧ್ರುವ ಇಂಟರ್ಯಾಕ್ಟಿವ್ ಅನ್ನುವ ಕಂಪನಿ 1997ರಲ್ಲೇ ಶುರುವಾಗಿತ್ತು, ಹೊರದೇಶದ ಗೇಮ್‌ಗಳಿಗೆ ಇಲ್ಲಿ ಕೂತು ಕಾರು, ಮರ, ಕಟ್ಟಡ ಮಾಡಿಕೊಡುವವರು ಜಾಸ್ತಿಯಾಗುತ್ತಿದ್ದರು. ನಾನಿದ್ದದ್ದು ಅಲ್ಲಲ್ಲ, ಅಂಥದ್ದೇ ಕೆಲಸದ ಒಂದು ಚಿಕ್ಕ ಸ್ಟುಡಿಯೊದಲ್ಲಿ. ನನಗೆ ಸಿಕ್ಕ ಮೊದಲ ಕೆಲಸ ತುಕ್ಕು ಹಿಡಿದ ಒಂದು ಎಣ್ಣೆ ಡ್ರಮ್ಮು. ಕಲಾಸಿಪಾಳ್ಯದ ಗುಜರಿ ಅಂಗಡಿಗೆ ಹೋಗಿ ಡ್ರಮ್ಮುಗಳ ಫೋಟೋ ತೆಗೆದುಕೊಂಡು ಬಂದೆ. ಮಳೆ ನೀರು ನಿಲ್ಲುವುದು ಮೇಲಿನ ಅಂಚಿನ ಒಳಗೆ, ಹಾಗಾಗಿ ತುಕ್ಕು ಅಲ್ಲಿಂದ ಶುರುವಾಗಿ ಗೆರೆ ಗೆರೆಯಾಗಿ ಕೆಳಗಿಳಿಯುತ್ತದೆ. ಉರುಳಿಸುವಾಗ ನೆಲಕ್ಕೆ ತಾಗುವ ಉಬ್ಬುಪಟ್ಟಿಯಲ್ಲಿ ಬಣ್ಣವೇ ಇರುವುದಿಲ್ಲ, ಲೋಹ ಹೊಳೆಯುತ್ತಿರುತ್ತದೆ. ಇದನ್ನೆಲ್ಲ ಕೂರಿಸಲು ಐದು ದಿನ ಬೇಕಾಯಿತು. ಗೇಮ್ ಮಾಡುವ ಹೊರದೇಶದವರು ಮೂರು ಸಲ ಕೆಂಪು ಸುತ್ತು ಹಾಕಿ ವಾಪಸ್ ಕಳಿಸಿದರು, ಮೂರು ಸಲ ತಿದ್ದಿದೆ. ಗೇಮ್ ಬಂದ ಮೇಲೆ ನಾನೂ ನಿಮ್ಮಪ್ಪನೂ ಆಡುತ್ತಾ ಹುಡುಕಿದೆವು. ಒಂದು ಗೋದಾಮಿನ ಗೋಡೆ ಪಕ್ಕ ನಿಂತಿತ್ತು ನನ್ನ ಡ್ರಮ್ಮು. ಆಟ ನಿಲ್ಲಿಸಿ ಇಬ್ಬರೂ ಅದನ್ನೇ ನೋಡುತ್ತಾ ಕೂತೆವು.

ಮರುವರ್ಷ ಅದೇ ಗೇಮಿನ ಮುಂದಿನ ಭಾಗದ ಕೆಲಸ ಬಂತು. ಫೈಲು ತೆರೆದರೆ ನನ್ನದೇ ಡ್ರಮ್ಮು, ನಾನಿಟ್ಟ ಹೆಸರು. "ಬಣ್ಣ ನೀಲಿಯಿಂದ ಹಸಿರು ಮಾಡಿ, ತುಕ್ಕು ಇನ್ನೊಂದು ಬದಿಗೆ ಹಾಕಿ." ಅರ್ಧ ದಿನದ ಕೆಲಸ. ಅದರ ಮುಂದಿನ ವರ್ಷವೂ ಬಂತು. ಹಳೆ ಸಾಮಾನನ್ನು ಮತ್ತೆ ಬಳಸುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಬುದ್ಧಿವಂತರು ಮಾಡುವುದೇ ಅದು, ಒಂದೇ ಸಾರಿನ ಪುಡಿಯಲ್ಲಿ ವರ್ಷವಿಡೀ ಅಡುಗೆ ಮಾಡಲ್ವಾ? ಆದರೆ ನಮ್ಮ ಕೋಣೆಯಲ್ಲಿ ಹನ್ನೆರಡು ಜನ ಇದ್ದೆವು. ಎಲ್ಲರೂ ಐದು ದಿನ ಕೊಟ್ಟು ಹೊಸದೊಂದನ್ನು ಮಾಡಬಲ್ಲ ಕೈಗಳು. ಮೂರನೇ ವರ್ಷಕ್ಕೆ ಎಲ್ಲರೂ ಹಸಿರನ್ನು ಮತ್ತೆ ನೀಲಿ ಮಾಡುತ್ತಿದ್ದೆವು. ನಿನಗೆ ಸಿಟ್ಟು ಬಂದಿರುವ ಸಂಗತಿ ಒಳಗಿನಿಂದ ಕಾಣುವುದು ಹೀಗೆ.

ನಿನ್ನ ತಾತ ಮಂಡ್ಯದಲ್ಲಿ ಕಬ್ಬು ಬೆಳೆಯುತ್ತಿದ್ದರಲ್ಲ, ಅವರ ಲೆಕ್ಕ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಮೊದಲ ಸಲ ಹಾಕುವುದು ನಾಟಿ ಕಬ್ಬು. ಉಳಬೇಕು, ಸಾಲು ತೆಗೆಯಬೇಕು, ಬಿತ್ತನೆ ತುಂಡು ಕೊಳ್ಳಬೇಕು. ಕಡಿದ ಮೇಲೆ ಬುಡ ಬಿಟ್ಟರೆ ತಾನೇ ಚಿಗುರುತ್ತದೆ, ಅದು ಕೂಳೆ. ಬೀಜದ ಖರ್ಚಿಲ್ಲ, ಉಳುಮೆ ಇಲ್ಲ. ಯಾವ ರೈತ ಬೇಡ ಅನ್ನುತ್ತಾನೆ? ಮೊದಲ ಕೂಳೆ ಚೆನ್ನಾಗಿಯೇ ಬರುತ್ತದೆ. ಎರಡನೆಯದು ಪರವಾಗಿಲ್ಲ. ಆಮೇಲೆ ಇಳುವರಿ ಕುಸಿಯುತ್ತದೆ, ರೋಗ ಹತ್ತುತ್ತದೆ, ಸಾಲಿನಲ್ಲಿ ಬುಡಗಳು ಸತ್ತು ಜಾಗ ಖಾಲಿ ಬೀಳುತ್ತದೆ. ತಾತ ಎರಡು ಕೂಳೆ ಮುಗಿಸಿ ಬುಡ ಅಗೆದು ಅಲಸಂದೆ ಹಾಕುತ್ತಿದ್ದರು. ಪಕ್ಕದವರು ನಾಲ್ಕು, ಐದು ಅಂತ ಎಳೆಯುತ್ತಿದ್ದರು.

ಗೇಮ್ ಕಂಪನಿಗಳ ದೊಡ್ಡ ಹೆಸರುಗಳೆಲ್ಲ ಕೂಳೆ. ಗಿಟಾರ್ ಹೀರೋ ಕಥೆ ನಿನಗೆ ಗೊತ್ತಿರಲಿಕ್ಕಿಲ್ಲ. 2005ರಲ್ಲಿ ಬಂತು. ಹಾರ್ಮೋನಿಕ್ಸ್ ಮಾಡಿದ್ದು, ರೆಡ್ ಆಕ್ಟೇನ್ ಮಾರಿದ್ದು. ಕೈಯಲ್ಲಿ ಪ್ಲಾಸ್ಟಿಕ್ ಗಿಟಾರು, ಬಣ್ಣದ ಐದು ಗುಂಡಿ, ಪರದೆ ಮೇಲೆ ಇಳಿದು ಬರುವ ಸ್ವರಗಳು. ಆಟ ಅಂದರೆ ಮೂಗು ಮುರಿಯುವವರೂ ಗಿಟಾರು ಹಿಡಿದು ನಿಂತರು. ಮರುವರ್ಷ ಕಾಲ್ ಆಫ್ ಡ್ಯೂಟಿ ಮಾರುವ ದೊಡ್ಡ ಕಂಪನಿ ಆಕ್ಟಿವಿಷನ್ ರೆಡ್ ಆಕ್ಟೇನನ್ನು ಕೊಂಡಿತು. 2007ರ ಮೂರನೇ ಭಾಗ ನೂರು ಕೋಟಿ ಡಾಲರ್‌ಗೂ ಜಾಸ್ತಿ ವ್ಯಾಪಾರ ಮಾಡಿತು. ಅಲ್ಲಿಂದ ಹಿಂಡಲು ಶುರು ಮಾಡಿದರು ನೋಡು. 2009 ಒಂದೇ ವರ್ಷದಲ್ಲಿ ಅದೇ ಆಟದ ಐದು ರೂಪ: ಮೆಟಾಲಿಕಾ, ಸ್ಮ್ಯಾಶ್ ಹಿಟ್ಸ್, ಗಿಟಾರ್ ಹೀರೋ 5, ಬ್ಯಾಂಡ್ ಹೀರೋ, ವ್ಯಾನ್ ಹೇಲನ್. ಕಬ್ಬಿನ ಹಾಲಿನ ಗಾಡಿಯವನು ಸಿಪ್ಪೆಯನ್ನು ಮಡಚಿ ಮಡಚಿ ಗಾಣಕ್ಕೆ ಕೊಡುವ ಹಾಗೆ. 2011ರ ಫೆಬ್ರವರಿಯಲ್ಲಿ ಆ ವಿಭಾಗವನ್ನೇ ಮುಚ್ಚಿದರು. ಆ ಸಲ ಕಂಪನಿಯಲ್ಲಿ ಸುಮಾರು 500 ಜನರ ಕೆಲಸ ಹೋಯಿತು.

ಆ ಗೇಮನ್ನು ಯಾರೂ ಬಹಿಷ್ಕರಿಸಿರಲಿಲ್ಲ ಪುಟ್ಟಿ. ಜನ ಸುಮ್ನೆ ಕೊಳ್ಳುವುದು ಬಿಟ್ಟರು.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಿನ್ನ ಹಾಳೆ ನೋಡಿದ ತಕ್ಷಣ ನನ್ನ ಬಾಯಿಗೆ ಬಂದ ಮೊದಲ ಮಾತು "ನೀವು ಕೊಳ್ಳದಿದ್ದರೆ ಹೊಟ್ಟೆ ಮೇಲೆ ಏಟು ಬೀಳುವುದು ನಮ್ಮಂಥವರಿಗೆ" ಅಂತ. ಅದು ಸುಳ್ಳಲ್ಲ. ನಮ್ಮಲ್ಲಿ ಒಮ್ಮೆ ಹೊರಗಿನ ಒಂದು ಪ್ರಾಜೆಕ್ಟ್ ನಿಂತಾಗ ಗುರುವಾರ ಮಧ್ಯಾಹ್ನ ಊಟ ಮುಗಿಸಿ ಬಂದ ಎಂಟು ಜನರನ್ನು ಒಬ್ಬೊಬ್ಬರಾಗಿ ಒಳಗೆ ಕರೆದರು. ನನ್ನ ಪಕ್ಕದ ಸೀಟಿನ ಹುಡುಗ ಹೊಸ ಮನೆಗೆ ಅಡ್ವಾನ್ಸ್ ಕೊಟ್ಟು ಮೂರು ದಿನ ಆಗಿತ್ತು. ಆದರೆ ಆಮೇಲೆ ಯೋಚಿಸಿದೆ. ಎಲ್ಲರೂ ಮುಗಿಬಿದ್ದು ಕೊಂಡ ಗಿಟಾರ್ ಹೀರೋವನ್ನೇ ಹಿಂಡಿ ಎಸೆದರು, ಆ 500 ಜನರನ್ನು ಯಾರ ಪ್ರೀತಿಯೂ ಉಳಿಸಲಿಲ್ಲ. ಹಾಗಾಗಿ ನಮ್ಮ ಕೆಲಸದ ಹೆಸರು ಹೇಳಿ ನಿನ್ನ ದುಡ್ಡು ಕೇಳುವ ಹಕ್ಕು ಯಾರಿಗೂ ಇಲ್ಲ, ನನಗೂ ಇಲ್ಲ. ಐದು ಸಾವಿರದ ಹತ್ತಿರ ಬೆಲೆಯ ಗೇಮು ಅಂದರೆ ನಿನ್ನ ಎಷ್ಟು ತಿಂಗಳ ಮೆಸ್ ಉಳಿತಾಯ ಅಂತ ನನಗೆ ಗೊತ್ತು.

ಇನ್ನೊಂದು ನಷ್ಟ ಇದೆ, ನಿಮ್ಮ ಗುಂಪಿನವರು ಅದರ ಬಗ್ಗೆ ಬರೆದೇ ಇಲ್ಲ. ಕೂಳೆ ನಿಂತ ಹೊಲದಲ್ಲಿ ಬೇರೆ ಬೆಳೆ ಬರಲ್ಲ. ಟಾಯ್ಸ್ ಫಾರ್ ಬಾಬ್ ಅಂತ ಒಂದು ಸ್ಟುಡಿಯೊ, ನೀನು ಚಿಕ್ಕಪ್ಪನ ಮನೆಯಲ್ಲಿ ಆಡುತ್ತಿದ್ದ ಕ್ರ್ಯಾಶ್ ಬ್ಯಾಂಡಿಕೂಟ್ 4 ಮಾಡಿದವರು. ಆ ಗೇಮ್ ಬಂದದ್ದು 2020ರ ಅಕ್ಟೋಬರ್‌ನಲ್ಲಿ. 2021ರಲ್ಲಿ ಅವರನ್ನೂ ಕಾಲ್ ಆಫ್ ಡ್ಯೂಟಿ ವಾರ್‌ಝೋನ್ ಕೆಲಸಕ್ಕೆ ಹಚ್ಚಿದರು. 2024ರಲ್ಲಿ ಅವರು ಆಕ್ಟಿವಿಷನ್ ಬಿಟ್ಟು ಸ್ವತಂತ್ರರಾದರು. ಆ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅವರ ಕೈಯಿಂದ ಇನ್ನೂ ಏನೇನು ಬರಬಹುದಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. 2005ರಿಂದ ಒಂದು ವರ್ಷವೂ ತಪ್ಪದೆ ಕಾಲ್ ಆಫ್ ಡ್ಯೂಟಿ ಬರುತ್ತಿದೆ ಅಂದರೆ ಸುಮ್ಮನೆ ಬರುತ್ತಿಲ್ಲ. ಅನೇಕ ಸ್ಟುಡಿಯೊಗಳು ಸರದಿ ಪ್ರಕಾರ ಅದಕ್ಕೇ ದುಡಿಯುತ್ತಿವೆ.

ಹಾಗಿದ್ದರೆ ಸಹಿ ಹಾಕಬಹುದಲ್ಲ ಅಂತ ಕೇಳುತ್ತೀಯ. ತಾಳು.

2009ರಲ್ಲಿ ಕಾಲ್ ಆಫ್ ಡ್ಯೂಟಿಯ ಮಾಡರ್ನ್ ವಾರ್‌ಫೇರ್ 2 ಬರುವಾಗ ಪಿಸಿಯಲ್ಲಿ ಆಡುವವರಿಗೆ ಡೆಡಿಕೇಟೆಡ್ ಸರ್ವರ್, ಅಂದರೆ ಆಟಗಾರರೇ ನಡೆಸಬಹುದಾದ ಸರ್ವರ್, ಕೊಡಲ್ಲ ಅಂದರು. ಪಿಸಿ ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಬಹಿಷ್ಕಾರದ ಗುಂಪು ಹುಟ್ಟಿತು. ಗೇಮ್ ಬಂದ ದಿನ ಯಾರೋ ಆ ಗುಂಪಿನ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದರು. ಎಷ್ಟೋ ಸದಸ್ಯರ ಹೆಸರಿನ ಕೆಳಗೆ ಈಗ ಆಡುತ್ತಿರುವುದು ಮಾಡರ್ನ್ ವಾರ್‌ಫೇರ್ 2 ಅಂತ ಇತ್ತು. ಊರಿಗೆ ಬಂದವಳು ನೀರಿಗೆ ಬರಲ್ವಾ ಅನ್ನುವ ಹಾಗೆ. ಅಮೆರಿಕ, ಬ್ರಿಟನ್ ಎರಡರಲ್ಲೇ ಮೊದಲ ದಿನ ಸುಮಾರು 47 ಲಕ್ಷ ಪ್ರತಿ ಹೋಯಿತು. ಅದೇ ವರ್ಷ ಲೆಫ್ಟ್ 4 ಡೆಡ್ ಅನ್ನುವ ಗೇಮಿನ ಎರಡನೇ ಭಾಗ ಒಂದೇ ವರ್ಷಕ್ಕೆ ಬರುತ್ತಿದೆ ಅಂತ ಸಾವಿರಾರು ಜನ ಗುಂಪು ಕಟ್ಟಿದರು, ಥೇಟ್ ನಿಮ್ಮ ಹಾಗೆಯೇ. ಅದನ್ನು ಮಾಡುತ್ತಿದ್ದ ವಾಲ್ವ್ ಕಂಪನಿ ಆ ಗುಂಪಿನ ಮುಂದಾಳುಗಳಿಬ್ಬರನ್ನು ತನ್ನ ಆಫೀಸಿಗೆ ಕರೆಸಿ ಗೇಮ್ ಆಡಿಸಿತು. ಅವರಿಗೆ ಇಷ್ಟವಾಯಿತು. ಗುಂಪು ಕರಗಿತು. 2016ರಲ್ಲಿ ಕಾಲ್ ಆಫ್ ಡ್ಯೂಟಿಯ ಇನ್ಫಿನಿಟ್ ವಾರ್‌ಫೇರ್ ಟ್ರೇಲರ್‌ಗೆ 30 ಲಕ್ಷಕ್ಕೂ ಜಾಸ್ತಿ ಡಿಸ್‌ಲೈಕ್ ಬಿತ್ತು. ಆ ವರ್ಷ ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಗೇಮು ಅದೇ.

ಅವರನ್ನು ನಾನು ಹೀಯಾಳಿಸಲ್ಲ. ಗೆಳೆಯರೆಲ್ಲ ಆಡುವಾಗ ಒಬ್ಬರೇ ಹೊರಗೆ ಕೂರುವುದು ಕಷ್ಟ. "ಇಷ್ಟೊಂದು ಭಾಗ ಬೇಡ" ಅನ್ನುವುದು ಬೇಸರ, ಬೇಡಿಕೆ ಅಲ್ಲ. ಕಂಪನಿ ಏನು ಮಾಡಿದರೆ ನೀವು ಮತ್ತೆ ಕೊಳ್ಳುತ್ತೀರಿ ಅನ್ನುವುದು ಅದರಲ್ಲಿಲ್ಲ.

ಗೆದ್ದ ಜಗಳಗಳನ್ನು ನೋಡು. 2017ರ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2ರಲ್ಲಿ ದುಡ್ಡು ಕೊಟ್ಟು ಲೂಟ್ ಬಾಕ್ಸ್, ಅಂದರೆ ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆ, ತೆಗೆದವರಿಗೆ ಬಲ ಜಾಸ್ತಿ. ಸಮರ್ಥನೆ ಮಾಡಲು ಹೋದ ಇಎ ಕಂಪನಿಯ ಉತ್ತರಕ್ಕೆ ರೆಡ್ಡಿಟ್‌ನಲ್ಲಿ 6 ಲಕ್ಷಕ್ಕೂ ಹೆಚ್ಚು ಡೌನ್‌ವೋಟ್ ಬಿತ್ತು. ಗೇಮ್ ಬಿಡುಗಡೆಯ ಹಿಂದಿನ ದಿನ ಆ ಖರೀದಿಯನ್ನೇ ನಿಲ್ಲಿಸಿದರು. ಮರುವರ್ಷ ಬೆಲ್ಜಿಯಂ ಅಂಥ ಪೆಟ್ಟಿಗೆಗಳನ್ನು ಜೂಜು ಅಂದಿತು. 2024ರ ಮೇ ತಿಂಗಳಲ್ಲಿ ಹೆಲ್‌ಡೈವರ್ಸ್ 2 ಆಡಲು ಪಿಸಿಯವರೂ ಪ್ಲೇಸ್ಟೇಷನ್ ಅಕೌಂಟ್ ಜೋಡಿಸಬೇಕು ಅಂತ ಸೋನಿ ಹೇಳಿತು. ಎಷ್ಟೋ ದೇಶಗಳಲ್ಲಿ ಆ ಅಕೌಂಟ್ ಮಾಡಲಿಕ್ಕೇ ಬರುತ್ತಿರಲಿಲ್ಲ. ಸ್ಟೀಮ್‌ನಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಕೆಟ್ಟ ರಿವ್ಯೂ ಬರೆದರು. ಮೂರ್ನಾಲ್ಕು ದಿನದಲ್ಲಿ ಸೋನಿ ಹಿಂದೆ ಸರಿಯಿತು. ಎರಡರಲ್ಲೂ ಬೇಡಿಕೆ ಒಂದೇ ಸಾಲಿನದು. ಇದನ್ನು ತೆಗೆಯಿರಿ.

ಬೇಸರಕ್ಕೂ ಬೆಲೆ ಇಲ್ಲ ಅಂತಲ್ಲ. 2014ರಲ್ಲಿ ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ ಅರೆಬೆಂದ ಸ್ಥಿತಿಯಲ್ಲಿ ಬಂತು. ಕೆಲವು ಕಂಪ್ಯೂಟರ್‌ಗಳಲ್ಲಿ ಮುಖದ ಚರ್ಮವೇ ಮೂಡದೆ ಕಣ್ಣು, ಹಲ್ಲು ಮಾತ್ರ ಗಾಳಿಯಲ್ಲಿ ತೇಲುತ್ತಿದ್ದವು. ಆ ಚಿತ್ರ ನೋಡಿ ಬೇರೆಯವರು ನಕ್ಕರು, ನನಗೆ ನಗು ಬರಲಿಲ್ಲ. ಆ ಮುಖಕ್ಕೆ ತಿಂಗಳುಗಟ್ಟಲೆ ಕೂತ ಕಲಾವಿದರು ಇರುತ್ತಾರೆ, ಅವರು ಯಾರೂ ಆ ತಾರೀಕು ಗೊತ್ತು ಮಾಡಿದವರಲ್ಲ. ಅದನ್ನು ತಂದ ಯೂಬಿಸಾಫ್ಟ್ ಕಂಪನಿ ಕ್ಷಮೆ ಕೇಳಿತು. ಮರುವರ್ಷ ಬಂದ ಮುಂದಿನ ಭಾಗ ಸಿಂಡಿಕೇಟ್ ಶುರುವಿನಲ್ಲಿ ಮಂಕಾಗಿ ಮಾರಾಟವಾಯಿತು. 2016ರಲ್ಲಿ ದೊಡ್ಡ ಭಾಗ ತರಲ್ಲ ಅಂತ ಕಂಪನಿಯೇ ಹೇಳಿತು. ಹೊಲ ಒಂದು ವರ್ಷ ಬೀಳು ಬಿಟ್ಟರು. 2017ರಲ್ಲಿ ಈಜಿಪ್ಟಿನ ಒರಿಜಿನ್ಸ್ ಬಂತು, ಅದನ್ನು ನೀನು ಎಷ್ಟು ರಾತ್ರಿ ಆಡಿದೆ ಅಂತ ನನಗೆ ನೆನಪಿದೆ. ಆ ಬಿಡುವು ತಂದದ್ದು ಘೋಷಣೆ ಅಲ್ಲ. ಮೊದಲ ವಾರಗಳಲ್ಲಿ ಕೊಳ್ಳದೆ ಕಾದವರು.

ಕಂಪನಿಗಳು ಕಣ್ಣಿಟ್ಟು ನೋಡುವುದು ಮುಂಗಡ ಬುಕಿಂಗ್ ಮತ್ತು ಮೊದಲ ವಾರದ ಲೆಕ್ಕ. ಗೇಮ್ ಹೇಗಿದೆ ಅಂತ ಗೊತ್ತಾಗುವ ಮೊದಲೇ ಕೊಟ್ಟ ದುಡ್ಡು ಅದು. ಅದನ್ನು ನಂಬಿಯೇ ಒಂದು ಕಾಲದಲ್ಲಿ ಇಎ ಕಂಪನಿಯವರು ನಿಂಟೆಂಡೊ ಸ್ವಿಚ್‌ಗೆ ಫುಟ್‌ಬಾಲ್ ಗೇಮಾದ ಫಿಫಾ 20, 21, 22, 23 ನಾಲ್ಕನ್ನೂ ಲೆಗಸಿ ಎಡಿಷನ್ ಅಂತ ಮಾರಿದರು. ಆಟ ಹಳೆಯದೇ, ಜೆರ್ಸಿ ಮತ್ತು ಆಟಗಾರರ ಪಟ್ಟಿ ಮಾತ್ರ ಹೊಸದು.

ಈಗ ನಿನ್ನ ಹಾಳೆ. ಮೂರು ತಿದ್ದುಪಡಿ ಹೇಳುತ್ತೇನೆ.

"ಬಹಿಷ್ಕಾರ" ತೆಗೆ. ನಮ್ಮೂರಲ್ಲಿ ಒಂದು ಮನೆಗೆ ಬಹಿಷ್ಕಾರ ಹಾಕಿದ್ದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಆ ಮನೆಯ ಹುಡುಗಿ ನನ್ನ ಕ್ಲಾಸಿನವಳು. ಬೆಂಕಿಪೊಟ್ಟಣ ಕೇಳಲು ಬಂದವಳನ್ನು ಅಂಗಡಿಯವನು ಮುಖ ನೋಡದೆ ವಾಪಸ್ ಕಳಿಸಿದ, ನಾನು ಪಕ್ಕದಲ್ಲೇ ನಿಂತಿದ್ದೆ. ನೀನು ಹೇಳುವುದು ಅದಲ್ಲ ಅಂತ ಗೊತ್ತು ಕಂದಾ, ಆದರೂ ಆ ಪದದ ಕೆಳಗೆ ನನ್ನ ಹೆಸರು ಬರೆಯಲಾರೆ. ಅದರ ಬದಲು ಏನು ಮಾಡುತ್ತೀರೋ ಅದನ್ನೇ ಬರೆಯಿರಿ. "ನಾವು ಮುಂಗಡ ಬುಕಿಂಗ್ ಮಾಡುವುದಿಲ್ಲ. ಗೇಮ್ ಬಂದು ಒಂದು ತಿಂಗಳಾಗುವ ತನಕ ಕೊಳ್ಳುವುದಿಲ್ಲ." ಇದನ್ನು ಹದಿನಾಲ್ಕು ಜನರೂ ಪಾಲಿಸಬಹುದು.

"ಸೋಮಾರಿ ಡೆವಲಪರ್‌ಗಳು" ಅನ್ನುವ ಸಾಲನ್ನು ಪೂರ್ತಿ ಹೊಡೆದು ಹಾಕು. ಡ್ರಮ್ಮಿಗೆ ಹಸಿರು ಬಣ್ಣ ಹಾಕಿ ಅಂತ ಹೇಳಿದ್ದು ನಾನಲ್ಲ. ಇಂಥ ಸಾಲುಗಳೇ ಬೆಳೆದು ಕೊನೆಗೆ ಯಾರೋ ಒಬ್ಬ ಕಲಾವಿದೆಯ ಫೋನಿಗೆ ಬೈಗುಳವಾಗಿ ಬಂದು ಬೀಳುತ್ತವೆ.

ಮೂರನೆಯದು, ಉಳಿದ ದುಡ್ಡಿನಲ್ಲಿ ಏನು ಕೊಳ್ಳುತ್ತೀರಿ ಅಂತ ಬರೆಯಿರಿ. ಪುಣೆಯ ನಾಡಿಂಗ್ ಹೆಡ್ಸ್ ಅನ್ನುವ ಚಿಕ್ಕ ತಂಡ 2020ರಲ್ಲಿ ರಾಜಿ ಅಂತ ಗೇಮ್ ಮಾಡಿತು. ಗೋಲು ಅನ್ನುವ ತನ್ನ ತಮ್ಮನನ್ನು ಹುಡುಕಿಕೊಂಡು ಹೊರಟ ಹುಡುಗಿಯ ಕಥೆ. ಕೋಟೆಯ ಗೋಡೆಗಳು, ಕಂಬಗಳು ಎಷ್ಟು ಚೆನ್ನಾಗಿವೆ ಅಂದರೆ ನಾನು ಆಟ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಅದು ನಾಟಿ ಕಬ್ಬು. ತಿಂಗಳಿಗೊಂದು ಅಂಥದ್ದನ್ನು ಹದಿನಾಲ್ಕು ಜನ ಸೇರಿ ಹುಡುಕಿ.

ತಿದ್ದಿದ ಹಾಳೆಯ ಫೋಟೋ ಕಳಿಸು. ಹದಿನೈದನೇ ಜಾಗ ಖಾಲಿ ಬಿಟ್ಟಿರು, ದೀಪಾವಳಿಗೆ ಬರುವಾಗ ಸುತ್ತಿಕೊಂಡು ತಾ, ಪೆನ್ನಿನಲ್ಲೇ ಸಹಿ ಹಾಕುತ್ತೇನೆ. ನಿಮ್ಮಪ್ಪ ಚಕ್ಕುಲಿ, ತುಪ್ಪ ಪಾರ್ಸೆಲ್ ಮಾಡಿದ್ದಾರೆ, ಗುರುವಾರದೊಳಗೆ ಬರಬಹುದು. ಹಳೆ ಹಾರ್ಡ್ ಡಿಸ್ಕ್ ಹುಡುಕಿದೆ, ಆ ಡ್ರಮ್ಮಿನ ಮೊದಲ ಫೈಲು ಇನ್ನೂ ಇದೆ. ಬಂದಾಗ ತೋರಿಸುತ್ತೇನೆ.

ನಿನ್ನ
ಅಮ್ಮ